ವಾಸಿಯಾದ ಹಸು ಆಸ್ಪತ್ರೆಗೆ ಬರುವುದಿಲ್ಲ

ಇವತ್ತು ಬೆಳಗ್ಗೆ ಒಂದು ಹಸು ಉಳಿಯಲಿಲ್ಲ. ಕರು ಹೊಟ್ಟೆಯಲ್ಲೇ ಅಡ್ಡ ತಿರುಗಿತ್ತು, ನಮ್ಮನ್ನು ಕರೆಯುವ ಹೊತ್ತಿಗೆ ತಡವಾಗಿತ್ತು. ವಾಪಸ್ ಬರುವಾಗ ನಮ್ಮ ಪಶು ಆಸ್ಪತ್ರೆಯ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ.

ಮುಂದಿನ ಹಳ್ಳಿಯಲ್ಲಿ ಹಾಲು ಜ್ವರ, ಅಂದರೆ ಕರು ಹಾಕಿದ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಬರುವ ಕಾಯಿಲೆ. ಹೆಸರಿಗೆ ಜ್ವರ, ಕಿವಿ ಮುಟ್ಟಿದರೆ ತಣ್ಣಗೆ. ಕರು ಹಾಕಿದ ಹಸು ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಟ್ಟಿತ್ತು. ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಲ್ಸಿಯಂ ನಿಧಾನಕ್ಕೆ ಬಿಡುತ್ತಾ ಎದೆಬಡಿತ ಕೇಳಿಸಿಕೊಳ್ಳುತ್ತಲೇ ಇರಬೇಕು, ಅವಸರ ಮಾಡಿದರೆ ಹೃದಯವೇ ನಿಂತುಬಿಡಬಹುದು. ಬಾಟಲಿ ಎತ್ತಿ ಹಿಡಿದಿದ್ದ ನಮ್ಮ ಅಟೆಂಡರ್ ಅಣ್ಣನ ಕೈ ಒಂಚೂರೂ ಅಲ್ಲಾಡಲಿಲ್ಲ. ಬೆಳಗ್ಗೆ ಕಣ್ಣೊರೆಸಿಕೊಂಡವರೂ ಅವರೇ! ಸ್ವಲ್ಪ ಹೊತ್ತಿಗೆ ಹಸು ಮೈ ನಡುಗಿಸಿ, ತೇಗಿ, ಸಗಣಿ ಹಾಕಿ, ಎದ್ದು ನಿಂತಿತು.

ಸಂಜೆ ಅಣ್ಣ ರಿಜಿಸ್ಟರ್ ತೆಗೆದು, ಹಳೇ ಕೇಸೊಂದರ ಮನೆಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರು.

"ಗೌರಿ ಎಂಗವ್ಳೆ ಅಕ್ಕಾ?"

"ಚೆಂದಾಗ್ ಮೇಯ್ತಾವ್ಳೆ ಕಣಪ್ಪಾ, ಹಾಲೂ ಜಾಸ್ತಿ ಆಗೈತೆ."

ಡ್ರೈವರ್ ಸೇರಿ ಎಲ್ಲರ ಮುಖವೂ ಅರಳಿತು. ಯೋಚನೆ ಮಾಡಿದರೆ ಹೌದಲ್ವಾ, ಸತ್ತ ದನ ನಮ್ಮ ಜೊತೆ ಮನೆವರೆಗೂ ಬರುತ್ತದೆ, ರಾತ್ರಿ ನಿದ್ದೆಗೂ ಬರುತ್ತದೆ, ಆದರೆ ಬದುಕಿದ್ದು ಎಲ್ಲೋ ಬದುವಿನ ಮೇಲೆ ಸುಮ್ನೆ ಮೇಯುತ್ತಿರುತ್ತದೆ, ಅದರ ಸುದ್ದಿ ನಮಗೆ ಯಾರೂ ಹೇಳುವುದೇ ಇಲ್ಲ. ಒತ್ತಡಕ್ಕೆ ಧ್ಯಾನ ಮಾಡಿ ಅಂತಾರೆ, ಒಳ್ಳೆಯದೇ, ಮಾಡೋಣ. ನಮ್ಮಂಥ ಟೀಮ್‌ಗೆ ಈ ಫೋನೂ ಅಷ್ಟೇ ಬೇಕು. ಪಶು ಆಸ್ಪತ್ರೆಯ ಗೆಳೆಯರೇ, ನೀವೂ ಒಮ್ಮೆ ಮಾಡಿ ನೋಡಿ.

ನಾಳೆ ಫೋನ್ ಮಾಡುವ ಸರದಿ ನಂದು.