ಘಟ್ಟದ ಕೆಳಗಿನವರು ಆನ್‌ಲೈನ್ ಆರ್ಡರ್ ಯಾವಾಗ ಹಾಕಬೇಕು?

ಕರಾವಳಿಯಲ್ಲಿ ಪಾರ್ಸೆಲ್ ತಡವಾದಾಗ ಬೈಗುಳ ಬೀಳುವುದು ಡೆಲಿವರಿ ಹುಡುಗನಿಗೆ. ಅವನ ಪಾಲಿಗೆ ಬರುವುದು ಕೊನೆಯ ಕೆಲವು ಕಿಲೋಮೀಟರ್ ಮಾತ್ರ. ಮಾಲು ಯಾವ ಊರಿನ ಗೋದಾಮಿನಲ್ಲಿತ್ತು, ನಾವು ಯಾವ ದಿನ ಆರ್ಡರ್ ಹಾಕಿದೆವು, ಆ ರಾತ್ರಿ ಘಟ್ಟ ತೆರೆದಿತ್ತೇ ಎಂಬುದರ ಮೇಲೆ ತಡವೋ ಬೇಗವೋ ಅದಕ್ಕೆ ಮೊದಲೇ ತೀರ್ಮಾನ ಆಗಿರುತ್ತದೆ.

ಗೋದಾಮಿನ ಊರನ್ನು ಆ್ಯಪ್‌ಗಳು ಹೇಳುವುದಿಲ್ಲ. ಪಿನ್‌ಕೋಡ್ ಬದಲಿಸಿ ನೋಡಿದರೆ ಅಂದಾಜು ಸಿಗುತ್ತದೆ. ವಸ್ತುವಿನ ಪುಟದಲ್ಲಿ ಮೊದಲು ನಿಮ್ಮ ಪಿನ್ ಹಾಕಿ. ಮಂಗಳೂರು ಪೇಟೆಯಾದರೆ 575001, ಉಡುಪಿಯಾದರೆ 576101, ಮಣಿಪಾಲವಾದರೆ 576104. ತೋರಿಸಿದ ತಾರೀಕು ಗುರುತು ಹಾಕಿಕೊಂಡು ಬೆಂಗಳೂರಿನ 560001, ಆಮೇಲೆ ಮುಂಬಯಿಯ 400001 ಹಾಕಿ ನೋಡಿ. ಬೆಂಗಳೂರಿಗೆ ನಾಳೆ, ನಮಗೆ ಮೂರು ದಿನ ಎಂದಿದ್ದರೆ ಮಾಲು ಬೆಂಗಳೂರಿನ ಸುತ್ತಮುತ್ತ ಇದೆ. ಮುಂಬಯಿಗೆ ಮಾತ್ರ ಬೇಗ ಎಂದಿದ್ದರೆ ಮುಂಬಯಿ ಬಳಿಯ ಭಿವಂಡಿ ಕಡೆಯ ಗೋದಾಮು ಇರಬಹುದು. ಮೂರೂ ಕಡೆಗೆ ವಾರ ತೋರಿಸಿದರೆ ಉತ್ತರ ಭಾರತದಿಂದ ಬರಬೇಕು, ಇಲ್ಲವೇ ಮಾರುವವನೇ ಪ್ಯಾಕ್ ಮಾಡಲು ನಿಧಾನ. ಒಂದೇ ವಸ್ತುವನ್ನು ನಾಲ್ಕಾರು ಮಾರಾಟಗಾರರು ಇಟ್ಟಿರುತ್ತಾರೆ. ಐವತ್ತು ರೂಪಾಯಿ ಹೆಚ್ಚಾದರೂ ಬೆಂಗಳೂರಿನಲ್ಲಿ ಮಾಲು ಇರುವವರಿಂದ ಕೊಳ್ಳುವುದು ಮಳೆಗಾಲದಲ್ಲಿ ಲಾಭವೇ.

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಸಂಜೆ ಹೊರಟ ಲಾರಿ ಶಿರಾಡಿ ಘಟ್ಟ ಇಳಿದು ಬೆಳಿಗ್ಗೆ ಮಂಗಳೂರು ಮುಟ್ಟುವುದು ಸಾಮಾನ್ಯ ದಿನಗಳ ಲೆಕ್ಕ, ಆ್ಯಪ್ ತೋರಿಸುವ ತಾರೀಕೂ ಅದನ್ನೇ ನಂಬಿಕೊಂಡದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಲೆಕ್ಕ ಯಾವ ರಾತ್ರಿ ಬೇಕಾದರೂ ತಪ್ಪಬಹುದು. ಶಿರಾಡಿ ಮುಚ್ಚಿದರೆ ದೊಡ್ಡ ಲಾರಿಗಳಿಗೆ ಬೇರೆ ದಾರಿ ಸುಲಭದಲ್ಲಿ ಇಲ್ಲ. ಆಗುಂಬೆಯ ತಿರುವುಗಳೂ ಚಾರ್ಮಾಡಿಯ ಇಕ್ಕಟ್ಟೂ ಭಾರದ ವಾಹನಕ್ಕೆ ಆಗಿಬರುವುದಿಲ್ಲ. ಮಡಿಕೇರಿ ಮೇಲಿನ ಸಂಪಾಜೆ ದಾರಿ 2018ರ ಆಗಸ್ಟ್‌ನಲ್ಲಿ ತಾನೇ ಕುಸಿದಿತ್ತು. 2024ರ ಜುಲೈಯಂತೂ ಮರೆಯುವಂಥದ್ದಲ್ಲ. ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಜಾರಿ ಜೀವಗಳು ಹೋದವು, ಮುಂಬಯಿ ಕಡೆಯ ಹೆದ್ದಾರಿ 66 ಮುಚ್ಚಿತು. ಅದೇ ತಿಂಗಳು ಸಕಲೇಶಪುರದ ಬಳಿ ಮಣ್ಣು ಕುಸಿದು ಶಿರಾಡಿ ಸಂಚಾರ ನಿಂತಿತು. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದಲ್ಲೂ ಹಳಿಯಡಿಯ ಮಣ್ಣು ಜಾರಿತು. ಬೆಂಗಳೂರಿನ ದಾರಿ, ಮುಂಬಯಿಯ ದಾರಿ, ರೈಲು, ಮೂರಕ್ಕೂ ಒಂದೇ ತಿಂಗಳಲ್ಲಿ ಪೆಟ್ಟು.

ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಆರ್ಡರ್ ಹಾಕುವ ಮೊದಲು ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ನಮ್ಮ ಜಿಲ್ಲೆಗಳದ್ದು ಮಾತ್ರ ಸಾಲದು, ಹಾಸನ, ಕೊಡಗು, ಚಿಕ್ಕಮಗಳೂರಿನದ್ದೂ ನೋಡಬೇಕು, ರಸ್ತೆ ಕುಸಿಯುವುದು ಅಲ್ಲಿಯೂ ತಾನೇ. ರೆಡ್ ಅಲರ್ಟ್ ಇದ್ದರೆ, ತುರ್ತಿಲ್ಲದ ಸಾಮಾನನ್ನು ಕಾರ್ಟ್‌ನಲ್ಲೇ ಬಿಟ್ಟು, ಮಳೆ ಇಳಿದು ರಸ್ತೆ ತೆರೆದ ಎರಡು ದಿನದ ಮೇಲೆ ಹಾಕಿ. ತೆರೆದ ದಿನವೇ ಹಾಕಿದರೆ ಹಿಂದೆ ರಾಶಿಬಿದ್ದ ಮಾಲಿನ ಜೊತೆ ನಿಮ್ಮದೂ ಸೇರುತ್ತದೆ.

ಟ್ರ್ಯಾಕಿಂಗ್‌ನಲ್ಲಿ ‘ಬೆಂಗಳೂರು ಹಬ್‌ನಿಂದ ಹೊರಟಿದೆ’ ಎಂದು ಬಂದು ಒಂದು ದಿನ ಕಳೆದರೂ ಮಂಗಳೂರಿನ ಸ್ಕ್ಯಾನ್ ಬರದಿದ್ದರೆ ಲಾರಿ ದಾರಿಯಲ್ಲಿ ನಿಂತಿದೆ ಎಂದೇ ತಿಳಿಯಿರಿ. ಆಗ ಸಿಟ್ಟಿನಲ್ಲಿ ಕ್ಯಾನ್ಸಲ್ ಮಾಡಬೇಡಿ. ಹೊರಟ ಪಾರ್ಸೆಲ್ ಹೆಚ್ಚಾಗಿ ಇಲ್ಲಿಗೆ ಬಂದು, ಇಲ್ಲಿಂದ ವಾಪಸು ಘಟ್ಟ ಹತ್ತಬೇಕು. ಎಷ್ಟೋ ಕಡೆ ಅದು ಹಿಂದಿರುಗಿದ ಮೇಲೆಯೇ ಹಣ ವಾಪಸು. ಹೆಚ್ಚು ದುಡ್ಡು ಕೊಟ್ಟು ಎಕ್ಸ್‌ಪ್ರೆಸ್ ಆರಿಸಿದರೂ ಕೆಲವು ವಸ್ತುಗಳಿಗೆ ಪ್ರಯೋಜನವಿಲ್ಲ. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ, ಸೆಂಟು, ಸ್ಪ್ರೇ ಡಬ್ಬಗಳಿಗೆ ವಿಮಾನದಲ್ಲಿ ಕಟ್ಟುನಿಟ್ಟು ಇರುವುದರಿಂದ ಅವು ಹೆಚ್ಚಾಗಿ ರಸ್ತೆಯಲ್ಲೇ ಬರುತ್ತವೆ.

ವಾರದ ದಿನಗಳಲ್ಲಿ ಭಾನುವಾರ ರಾತ್ರಿ ಅಥವಾ ಸೋಮವಾರ ಬೆಳಿಗ್ಗೆ ಹಾಕುವ ಆರ್ಡರ್ ಒಳ್ಳೆಯದು. ಸೋಮವಾರ ಪ್ಯಾಕ್ ಆಗಿ ಸಂಜೆ ಕೊರಿಯರ್ ಕೈಸೇರಿದರೆ ಬೆಂಗಳೂರಿನ ಮಾಲು ಬುಧವಾರ, ಗುರುವಾರದೊಳಗೆ ಮನೆಯಲ್ಲಿರುತ್ತದೆ. ಏನಾದರೂ ಎಡವಟ್ಟಾದರೂ ಶುಕ್ರವಾರ, ಶನಿವಾರ ಕೈಯಲ್ಲಿ ಉಳಿದಿರುತ್ತವೆ. ಶುಕ್ರವಾರ ಸಂಜೆ ಹಾಕಿದ್ದು ಸಣ್ಣ ಮಾರಾಟಗಾರರ ಅಂಗಡಿಯಲ್ಲಿ ಸೋಮವಾರದವರೆಗೆ ಕೂರುವುದೇ ಹೆಚ್ಚು. ನರ್ಸರಿ ಗಿಡ, ಕಸಿ ಸಸಿ ತರಿಸುವವರಿಗೆ ಇದು ಬಹಳ ಮುಖ್ಯ, ಪೆಟ್ಟಿಗೆಯೊಳಗೆ ಎರಡು ದಿನ ಹೆಚ್ಚು ಕೂತರೆ ಬೇರು ಕೊಳೆಯುತ್ತದೆ.

ಋತುವಿನ ಲೆಕ್ಕ ಇನ್ನೂ ದೊಡ್ಡದು. ರೈನ್‌ಕೋಟ್, ಟರ್ಪಾಲು, ಇನ್ವರ್ಟರ್ ಬ್ಯಾಟರಿ ಮೇ ಮೊದಲ ವಾರದೊಳಗೆ ಮನೆ ಸೇರಬೇಕು. ಅಡಿಕೆ ತೋಟದವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ ಮಾಡುತ್ತಾರೆ, ಎರಡನೆಯದು 40–45 ದಿನ ಬಿಟ್ಟು. ಮೊದಲ ಸುತ್ತಿನಲ್ಲಿ ಪಂಪಿನ ವಾಷರ್ ಹೋಯಿತೆಂದು ಜುಲೈಯಲ್ಲಿ ಆನ್‌ಲೈನ್ ಹುಡುಕಿದರೆ ಆ ಬಿಡಿಭಾಗ ಬರುವಷ್ಟರಲ್ಲಿ ಗೊನೆಗೆ ರೋಗ ಹಿಡಿದಿರುತ್ತದೆ. ವಾಷರ್, ನಾಝಲ್, ಹೋಸ್ ಕ್ಲಿಪ್ ಎರಡೆರಡು ಸೆಟ್ ಏಪ್ರಿಲ್‌ನಲ್ಲೇ ತರಿಸಿಡಿ. ಅಡಿಕೆ ಕೊಯ್ಯುವ ಫೈಬರ್ ದೋಟಿಯಂಥ ಉದ್ದದ ಪಾರ್ಸೆಲ್ ಬೈಕಿನ ಚೀಲಕ್ಕೆ ಹಿಡಿಯುವುದಿಲ್ಲ, ವ್ಯಾನ್ ಬರುವ ದಿನ ಕಾಯಬೇಕು. ಅದಕ್ಕೆ ಇನ್ನೊಂದು ವಾರ ಸೇರಿಸಿಕೊಳ್ಳಿ.

ನವರಾತ್ರಿ, ದೀಪಾವಳಿ ಸೇಲ್‌ಗಳಲ್ಲಿ ಬೆಲೆ ಇಳಿಯುತ್ತದೆ, ಹಬ್‌ಗಳಲ್ಲಿ ರಾಶಿ ಬೀಳುತ್ತದೆ. ಆಯುಧ ಪೂಜೆಗೇ ಬೇಕಾದ ವಸ್ತುವಾದರೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿ. ಮಂಗಳೂರು ದಸರಾ ಮೆರವಣಿಗೆಯ ದಿನ ಕುದ್ರೋಳಿ, ಲಾಲ್‌ಬಾಗ್, ಪಿ.ವಿ.ಎಸ್. ವೃತ್ತದ ಸುತ್ತ ವಾಹನ ತಿರುಗಿಸುತ್ತಾರೆ. ಉಡುಪಿ ರಥಬೀದಿ ಆಸುಪಾಸಿನವರು ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯನ್ನೂ, ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯದ ಜನವರಿ 17, 18ನ್ನೂ ಲೆಕ್ಕದಿಂದ ತೆಗೆದುಬಿಡಿ.

ಪಾರ್ಸೆಲ್ ಮಂಗಳೂರು ಮುಟ್ಟಿದ ಮೇಲೂ ತಪ್ಪುವುದು ವಿಳಾಸದಲ್ಲಿ. ನಮ್ಮಲ್ಲಿ ಮನೆಗೆ ಹೆಸರಿರುತ್ತದೆ, ನಂಬರ್ ಯಾರಿಗೂ ಗೊತ್ತಿರುವುದಿಲ್ಲ. ಹೆಚ್ಚಿನ ಮನೆಗಳು ರಸ್ತೆಯಿಂದ ಇಳಿದು ತೋಟದೊಳಗೆ. ‘ದೈವಸ್ಥಾನದ ಹತ್ತಿರ’ ಎಂದರೆ ಸಾಲದು. ‘ಬಸ್ ಸ್ಟಾಪಿನಿಂದ ಭಜನಾ ಮಂದಿರದ ಓಣಿ, ಎಡಗಡೆ ಮೂರನೇ ಗೇಟು, ಹಸಿರು ಬಣ್ಣ, ವ್ಯಾನ್ ಒಳಗೆ ಬರುವುದಿಲ್ಲ’ ಎಂದು ಬರೆಯಿರಿ. ಫೋನ್ ನಂಬರ್ ಮನೆಯಲ್ಲಿ ಇರುವವರದ್ದು ಕೊಡಿ. ಮುಂಬಯಿ, ದುಬೈಯಲ್ಲಿ ಕುಳಿತು ಊರಿನ ಅಮ್ಮನಿಗೆ ಮಿಕ್ಸಿ ಕಳಿಸುವವರು ತಮ್ಮ ನಂಬರ್ ಹಾಕುತ್ತಾರೆ. ಒಟಿಪಿ ಅಲ್ಲಿಗೆ ಹೋಗುತ್ತದೆ, ಹುಡುಗ ಇಲ್ಲಿ ಗೇಟಿನಲ್ಲಿ ನಿಂತಿರುತ್ತಾನೆ. ಸಾಮಾನ್ಯವಾಗಿ ಎರಡು ಮೂರು ಸಲ ಬಂದು ನೋಡಿ ವಾಪಸು ಕಳಿಸುತ್ತಾರೆ. ಕಚೇರಿಯ ವಿಳಾಸವಾದರೆ ಆ್ಯಪ್‌ನಲ್ಲಿ ‘ಆಫೀಸ್’ ಎಂದೇ ಗುರುತು ಮಾಡಿ, ಭಾನುವಾರ ಸುಮ್ಮನೆ ಬಂದು ಹೋಗುವುದು ತಪ್ಪುತ್ತದೆ. ಖಾಸಗಿ ಕೊರಿಯರ್ ಹೋಗದ ಒಳ ಊರುಗಳಿಗೆ ಸ್ಪೀಡ್ ಪೋಸ್ಟ್ ಕಳಿಸುವ ಮಾರಾಟಗಾರರನ್ನೇ ಆರಿಸಿ. ಮನೆಗೆ ಬೀಗ ಇದ್ದರೂ ಪಾರ್ಸೆಲ್ ಕೆಲ ದಿನ ನಿಮ್ಮ ಅಂಚೆ ಕಚೇರಿಯಲ್ಲೇ ಇರುತ್ತದೆ.

ಮಳೆಯಲ್ಲಿ ಬಂದ ಪೆಟ್ಟಿಗೆಯ ತಳ ಮುಟ್ಟಿ ನೋಡಿ. ಮೂಲೆ ಮೆತ್ತಗಾಗಿದ್ದರೆ, ಟೇಪ್ ಬಿಟ್ಟಿದ್ದರೆ ಲೇಬಲ್‌ನಿಂದ ಶುರುಮಾಡಿ ಒಳಗಿನ ವಸ್ತುವಿನವರೆಗೆ ನಿಲ್ಲಿಸದೆ ವಿಡಿಯೊ ಮಾಡಿ, ಆ ದಿನವೇ ಆ್ಯಪ್‌ನಲ್ಲಿ ಹಾಕಿ. ಒಳಗೆ ತೇವ ಕಂಡರೆ ಚಾರ್ಜರ್ ಚುಚ್ಚಲೇಬೇಡಿ. ವಾಪಸು ಕೊಡುವ ಗಡುವು ಡೆಲಿವರಿಯ ದಿನದಿಂದ ಎಣಿಕೆ, ಎಷ್ಟೋ ವಸ್ತುಗಳಿಗೆ ಬರೇ ಏಳು ದಿನ. ಊರಲ್ಲಿ ಇಲ್ಲದ ವಾರಕ್ಕೆ ಡೆಲಿವರಿ ಬೀಳುವ ಹಾಗೆ ಆರ್ಡರ್ ಹಾಕಿದರೆ ಆ ಗಡುವು ಪೆಟ್ಟಿಗೆ ಬಿಚ್ಚುವ ಮೊದಲೇ ಮುಗಿಯುತ್ತದೆ.

ಬರದೆಯೇ ‘ಡೆಲಿವರ್ಡ್’ ಎಂದು ತೋರಿಸಿದರೆ ಆ ಪರದೆಯ ಚಿತ್ರ ತೆಗೆದಿಟ್ಟು, ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರ ಹೆಸರು, ಸಂಪರ್ಕ ತಾಣದಲ್ಲಿ ಇರಲೇಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕರೆ ಮಾಡುವಾಗ ಆರ್ಡರ್ ನಂಬರ್, ಟ್ರ್ಯಾಕಿಂಗ್ ನಂಬರ್, ಹಣ ಕೊಟ್ಟ ತಾರೀಕು ಕೈಯಲ್ಲಿರಲಿ.