ಬಯಾಪ್ಸಿ ವರದಿಯಲ್ಲಿ ‘ಓಮಾ’ ಎಂಬ ಪ್ರತ್ಯಯ

ಪ್ಯಾಥಾಲಜಿ ಪ್ರಯೋಗಾಲಯದಿಂದ ಹೊರಗೆ ಹೋಗುವ ಬಯಾಪ್ಸಿ ವರದಿಗಳನ್ನು ಕೊನೆಯ ಬಾರಿ ಓದಿ ನೋಡುವುದು ನನ್ನ ಕೆಲಸ. ಈ ವಿಭಾಗಕ್ಕೆ ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ‘ಓಮಾ’ ಎಂದರೆ ಗಡ್ಡೆ ಎಂದು ಕಲಿತು ಬಂದಿರುತ್ತಾರೆ. ವರದಿ ಕೈಗೆ ಬಂದ ಮನೆಯವರಂತೂ ಆ ಎರಡಕ್ಷರದ ಸದ್ದಿಗೇ ಕ್ಯಾನ್ಸರ್ ಎಂದು ಕಂಗಾಲಾಗುತ್ತಾರೆ. ಆದ್ದರಿಂದ ಈ ಪ್ರತ್ಯಯ ಹುಟ್ಟಿದ ಬಗೆಯನ್ನು ನಾನು ಎಲ್ಲಕ್ಕಿಂತ ಮೊದಲು ಹೇಳಿಕೊಡುತ್ತೇನೆ.

ಗ್ರೀಕ್ ಭಾಷೆಯಲ್ಲಿ ‘ಮಾ’ ಎಂಬುದು ಧಾತುವಿಗೆ ಹತ್ತಿ, ಆ ಕ್ರಿಯೆಯ ಫಲವಾಗಿ ಉಂಟಾದುದನ್ನು ಸೂಚಿಸುತ್ತದೆ. ನಮ್ಮಲ್ಲಿ ಮಡಿಸು ಎಂಬರ್ಥದ ‘ಮಡಿ’ ಧಾತುವಿನಿಂದ ‘ಮಡಿಕೆ’ ಆದಂತೆ. ಅದರ ಹಿಂದಿನ ದೀರ್ಘ ಓಕಾರ ಒಂದು ವರ್ಗದ ಕ್ರಿಯಾಪದಗಳಿಗೆ ಸೇರಿದ್ದು, ಕಾಲಕ್ರಮದಲ್ಲಿ ಎರಡೂ ಬೆಸೆದು ಒಂದೇ ಪ್ರತ್ಯಯವೆಂಬಂತೆ ಬಳಕೆಯಾದವು. ಎಲ್ಲರಿಗೂ ಗೊತ್ತಿರುವ ಡಿಪ್ಲೊಮಾ ಈ ಕುಟುಂಬದ್ದೇ. ಮೂಲದಲ್ಲಿ ಅದು ಎರಡಾಗಿ ಮಡಿಸಿದ ಪತ್ರ. ಸಸ್ಯಶಾಸ್ತ್ರದ ರೈಜೋಮ್ (ನೆಲದೊಳಗೆ ಹರಡುವ ಕಾಂಡ) ಕೂಡ ಬೇರುಬಿಡುವುದಕ್ಕೆ ಸಂಬಂಧಿಸಿದ ಕ್ರಿಯಾಪದದಿಂದ ಬಂದದ್ದು. ಈ ಎರಡರಲ್ಲಿಯೂ ಕಾಯಿಲೆಯ ಸುಳಿವೇ ಇಲ್ಲ.

ಗಡ್ಡೆ ಎಂಬ ಅರ್ಥಕ್ಕೂ ಹಳೆಯ ಬೇರುಗಳಿವೆ. ಏಡಿ ಎಂಬರ್ಥದ ‘ಕಾರ್ಕಿನೋಸ್’ನಿಂದ ಬಂದ ಕಾರ್ಸಿನೋಮಾ ಹಿಪೊಕ್ರೆಟಿಸ್ ಪರಂಪರೆಯ ಬರಹಗಳಲ್ಲಿಯೇ ಇದೆ, ಮಾಂಸ ಎಂಬರ್ಥದ ಪದದಿಂದ ಸಾರ್ಕೋಮಾ ಬಂದಿದೆ. ಆದರೆ ಈ ಅರ್ಥ ಗಟ್ಟಿಯಾದದ್ದು 19ನೇ ಶತಮಾನದಲ್ಲಿ, ಸೂಕ್ಷ್ಮದರ್ಶಕದಡಿ ಕಂಡ ಅಂಗಾಂಶದ ಹೆಸರಿಗೆ ‘ಓಮಾ’ ಸೇರಿಸಿ ಗಡ್ಡೆಗಳನ್ನು ಹೆಸರಿಸುವ ರೂಢಿ ಹರಡಿದಾಗ. ಕೊಬ್ಬಿನದು ಲಿಪೋಮಾ, ನಾರಿನ ಅಂಗಾಂಶದ್ದು ಫೈಬ್ರೋಮಾ, ಇವೆರಡೂ ನಿರಪಾಯಕಾರಿ. ಮೆಲನೋಮಾ ಮತ್ತು ಲಿಂಫೋಮಾ ಅದೇ ಅಚ್ಚಿನ ಹೆಸರುಗಳಾದರೂ ಕ್ಯಾನ್ಸರ್‌ಗಳು. ಹೀಗಾಗಿ ಬಾಲವನ್ನು ನೋಡಿ ಅಪಾಯವನ್ನು ಅಳೆಯಲು ಬರುವುದಿಲ್ಲ.

ಗಡ್ಡೆಯೇ ಅಲ್ಲದವೂ ಉಳಿದುಕೊಂಡಿವೆ. ಹೆಮಟೋಮಾ ಎಂದರೆ ರಕ್ತನಾಳದಿಂದ ಸೋರಿ ಅಂಗಾಂಶದಲ್ಲಿ ಶೇಖರವಾದ ರಕ್ತ. ಟ್ರಕೋಮಾ ಕ್ಲಮೈಡಿಯಾ ಬ್ಯಾಕ್ಟೀರಿಯಾದಿಂದ ಬರುವ ಕಣ್ಣಿನ ಸೋಂಕು. ರೆಪ್ಪೆಯ ಒಳಮೈ ಒರಟಾಗುವುದರಿಂದ, ಒರಟು ಎಂಬರ್ಥದ ಗ್ರೀಕ್ ಪದ ಅದಕ್ಕೆ ಹೆಸರಾಯಿತು.

ನನಗೆ ಅತ್ಯಂತ ಮುಖ್ಯವೆನಿಸುವುದು ಗ್ರ್ಯಾನುಲೋಮಾ. ಇದರ ತಲೆ ಲ್ಯಾಟಿನ್, ಬಾಲ ಮಾತ್ರ ಗ್ರೀಕ್. ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಒತ್ತೊತ್ತಾಗಿ ಸೇರಿದ ರಕ್ಷಣಾ ಕೋಶಗಳ ಗುಂಪು ಕಾಣುತ್ತದೆ. ಹಲವು ಕೋಶಗಳು ಒಂದಾಗಿ ಬೆಸೆದ ದೈತ್ಯಕೋಶಗಳು ಅಲ್ಲಲ್ಲಿ ಇರುತ್ತವೆ. ಕೆಲವೊಮ್ಮೆ ಅವುಗಳ ಕೋಶಕೇಂದ್ರಗಳು (ನ್ಯೂಕ್ಲಿಯಸ್‌ಗಳು) ಅಂಚಿನುದ್ದಕ್ಕೂ ಕುದುರೆ ಲಾಳದ ಆಕಾರದಲ್ಲಿ ಸಾಲುಗಟ್ಟಿರುತ್ತವೆ, ಹೊರಸುತ್ತಿನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮುತ್ತಿರುತ್ತವೆ. ಸುಲಭವಾಗಿ ನಾಶಮಾಡಲಾಗದುದನ್ನು ದೇಹ ಸುತ್ತುಗಟ್ಟಿ ತಡೆದ ಫಲ ಇದು. ಪ್ರತ್ಯಯದ ಮೂಲಾರ್ಥ ಇಷ್ಟು ಸರಿಯಾಗಿ ಹೊಂದುವ ಇನ್ನೊಂದು ಪದವನ್ನು ನಾನು ವರದಿಗಳಲ್ಲಿ ಕಂಡಿಲ್ಲ. ಕ್ಷಯದಲ್ಲಿ ಸಾಮಾನ್ಯವಾಗಿ ಅದರ ನಡುಭಾಗ ಸತ್ತು ಗಿಣ್ಣಿನಂತಾಗಿರುತ್ತದೆ, ಗ್ರ್ಯಾನುಲೋಮಾ ಉಂಟುಮಾಡುವ ಇನ್ನೊಂದು ಕಾಯಿಲೆಯಾದ ಸಾರ್ಕಾಯ್ಡೋಸಿಸ್‌ನಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ.

ಆದ್ದರಿಂದ ನಮ್ಮ ವಿಭಾಗದಲ್ಲಿ ‘ಓಮಾ’ ಎಂದು ಮುಗಿಯುವ ಪದ ನಿರ್ಣಯದ ಸಾಲಿನಲ್ಲಿ ಒಂಟಿಯಾಗಿ ನಿಲ್ಲುವಂತಿಲ್ಲ. ಗಡ್ಡೆಯಾಗಿದ್ದರೆ ನಿರಪಾಯಕಾರಿಯೋ ಮಾರಕವೋ ಎಂಬುದು, ಗ್ರ್ಯಾನುಲೋಮಾ ಆಗಿದ್ದರೆ ನಡುಭಾಗ ಸತ್ತಿದೆಯೋ ಇಲ್ಲವೋ ಎಂಬುದು ಪಕ್ಕದಲ್ಲಿಯೇ ಬರೆದಿರಬೇಕು; ಇಲ್ಲವಾದರೆ ಆ ವರದಿಯನ್ನು ಸಹಿ ಮಾಡಿದ ವೈದ್ಯರಿಗೇ ಮರಳಿಸಲಾಗುತ್ತದೆ.