ಮೊದಲು ಭಾಯ್, ಆಮೇಲೆ ಆಂಪ್

ಮಲ್ಟಿಮೀಟರ್ 11 ಮಿಲಿವೋಲ್ಟ್ ತೋರಿಸಿತು. ಎಡಗಡೆ ಚಾನೆಲ್ ಚೆನ್ನಾಗಿದೆ. ಪ್ರೋಬ್ ಎರಡನ್ನೂ ಬಲಗಡೆ ಸ್ಪೀಕರ್ ಟರ್ಮಿನಲ್‌ಗೆ ಇಟ್ಟೆ. 140. ಸುಮ್ನೆ ಎರಡು ನಿಮಿಷ ಕಾದೆ. 165. ಐದು ನಿಮಿಷಕ್ಕೆ ಮೀಟರಿನ ಪರದೆಯಲ್ಲಿ ಬರೀ ‘1’ ಉಳಿಯಿತು. ಅಂದರೆ 200 ದಾಟಿತು, ರೇಂಜ್ ಬದಲಿಸು ಅಂತ ಅರ್ಥ.

ಜಯನಗರದ ಒಂದು ಫ್ಲ್ಯಾಟು. ಹಳೇ ಆಂಪ್ ಕೊಳ್ಳಲು ಹೋಗಿದ್ದೆ. ಎದುರಿಗೆ 80ರ ದಶಕದ ಜಪಾನಿ ಆಂಪ್ಲಿಫೈಯರ್, ಅಂದರೆ ಸ್ಪೀಕರ್‌ಗೆ ಬಲ ಕೊಡುವ ಡಬ್ಬಿ. ಕಂಪನಿ ಹೆಸರು ಬೇಡ. ದಪ್ಪ ಅಲ್ಯೂಮಿನಿಯಂ ಮುಖ, ಎರಡು ಕಡೆ ಮರದ ಹಲಗೆ, ಕಾಫಿ ಸಾಸರ್‌ನಷ್ಟು ದೊಡ್ಡ ವಾಲ್ಯೂಮ್ ನಾಬ್. ಹಾಡು ಹಚ್ಚಿ ಕೇಳಿದ್ದರೆ ನಾನು ಅಲ್ಲೇ ದುಡ್ಡು ಎಣಿಸಿ ಕೊಟ್ಟು ಬಂದುಬಿಡುತ್ತಿದ್ದೆ. ಅದಕ್ಕೇ ಭಾಯ್ ಹೇಳಿಕೊಟ್ಟಿದ್ದರು: “ಮೊದಲು ಮೀಟರ್ ಇಡಿ ಸಾರ್, ಆಮೇಲೆ ಕಿವಿ ಇಡಿ. ಕಿವಿಗೆ ಆಸೆ ಇರುತ್ತೆ, ಮೀಟರ್‌ಗೆ ಇರಲ್ಲ.”

ಭಾಯ್ ಅಂದರೆ ಎಸ್.ಪಿ. ರೋಡಿನ ಒಳಗಲ್ಲಿಯೊಂದರಲ್ಲಿ ಮೂರಡಿ ಅಗಲದ ಅಂಗಡಿ ಇಟ್ಟುಕೊಂಡಿರುವ ಮೆಕ್ಯಾನಿಕ್. ಅವರು ಹೇಳಿಕೊಟ್ಟ ಪರೀಕ್ಷೆ ಸುಲಭ. ಸ್ಪೀಕರ್ ವೈರ್ ಬಿಚ್ಚಬೇಕು, ವಾಲ್ಯೂಮ್ ಸೊನ್ನೆಗೆ ಇಡಬೇಕು, ಆಂಪ್ ಹತ್ತು ನಿಮಿಷ ಬಿಸಿಯಾಗಲಿ ಅಂತ ಬಿಡಬೇಕು. ಆಮೇಲೆ ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಎಷ್ಟು ಬರುತ್ತಿದೆ ನೋಡಬೇಕು. ಇಪ್ಪತ್ತು ಮಿಲಿವೋಲ್ಟ್ ಒಳಗಿದ್ದರೆ ಖುಷಿ. ಐವತ್ತರವರೆಗೂ ಪರವಾಗಿಲ್ಲ. ನೂರು ದಾಟಿ ಮೇಲೆ ಏರುತ್ತಲೇ ಇದ್ದರೆ ಒಳಗೆ ಏನೋ ಸೋತಿದೆ. ಆ ಡಿಸಿ ಸ್ಪೀಕರಿನೊಳಗಿನ ವೂಫರ್‌ನ ಅದುರುವ ಕೋನ್ ಅನ್ನು ಒಂದು ಕಡೆಗೆ ತಳ್ಳಿ ಹಿಡಿಯುತ್ತದೆ. ಜಾಸ್ತಿಯಾದರೆ ಕಾಯಿಲ್ ಸುಡುತ್ತದೆ. ಆಂಪ್ ಕೊಳ್ಳಲು ಹೋಗಿ ಸ್ಪೀಕರ್ ಕಳೆದುಕೊಂಡ ಹಾಗೆ.

ಆ ಮನೆಯವರಿಗೆ ನನ್ನ ಮೀಟರ್ ಕಂಡೇ ಮುಖ ಗಂಟಿಕ್ಕಿತ್ತು. “ಹತ್ತು ವರ್ಷದಿಂದ ಕೇಳ್ತಿದ್ದೀನಿ, ಏನೂ ಆಗಿಲ್ಲ” ಅಂದರು. ಅದೂ ನಿಜವೇ ಇರಬೇಕು. ಆಗದ್ದು ಇನ್ನು ನನ್ನ ಮನೆಯಲ್ಲಿ ಆಗುತ್ತಿತ್ತು, ಅಷ್ಟೇ.

ಆದರೂ ಹಾಡು ಹಚ್ಚದೆ ಎದ್ದು ಬರಲು ಮನಸ್ಸು ಬರಲಿಲ್ಲ. ಅವರದೇ ಸ್ಪೀಕರ್ ಹಾಕಿಸಿ (ಅವರದಲ್ವಾ, ಹತ್ತು ವರ್ಷದಿಂದ ಏನೂ ಆಗಿಲ್ಲವಲ್ಲ) ಚೌಡಯ್ಯನವರ ಪಿಟೀಲು ಹಚ್ಚಿದೆ. ಇದು ನನ್ನದೇ ಉಪಾಯ. ಚೌಡಯ್ಯನವರು ತೀರಿಕೊಂಡದ್ದು 1967ರಲ್ಲಿ. ನನ್ನ ಹತ್ತಿರ ಇರುವ ಅವರ ರೆಕಾರ್ಡಿಂಗ್‌ಗಳೆಲ್ಲ ಮೋನೋ. ಮೋನೋ ಅಂದರೆ ಎರಡೂ ಸ್ಪೀಕರ್‌ಗೆ ಹೋಗುವುದು ಒಂದೇ ಸದ್ದು. ಹಾಗಾಗಿ ಆ ಏಳು ತಂತಿಯ ಪಿಟೀಲು ಎರಡು ಸ್ಪೀಕರ್‌ಗಳ ನಟ್ಟನಡುವೆ ಕೂತಿರಬೇಕು. ವಾಲ್ಯೂಮ್ ಕಡಿಮೆ ಮಾಡುತ್ತಾ ಬಂದೆ. ಒಂಬತ್ತು ಗಂಟೆಯ ಮುಳ್ಳಿನ ಹತ್ತಿರ ಬರುತ್ತಿದ್ದ ಹಾಗೆ ಚೌಡಯ್ಯನವರು ಮೆಲ್ಲಗೆ ಎಡಕ್ಕೆ ಸರಿದರು. ಇನ್ನೂ ಇಳಿಸಿದೆ. ಬಲಗಡೆ ಪೂರ್ತಿ ಖಾಲಿ. ವಾಲ್ಯೂಮ್ ಪಾಟ್, ಅಂದರೆ ನಾಬಿನ ಹಿಂದೆ ತಿರುಗುವ ಭಾಗ, ಸವೆದಿದೆ. ಬರೀ ಕರಕರ ಸದ್ದಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತಿತ್ತು. ಇದು ಹೋಗುವಂಥದ್ದಲ್ಲ. ಆ ಅಳತೆಯ ಪಾಟ್ ಈಗ ಎಲ್ಲಿ ಹುಡುಕುವುದು? ಕಾಫಿ ಕುಡಿದು, ನಮಸ್ಕಾರ ಹೇಳಿ ಬಂದೆ.

ವ್ಯಾಟ್ ಎಷ್ಟು ಬೇಕು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಸ್ಪೀಕರ್‌ಗಳು ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡುತ್ತವೆ. ಹತ್ತು ವ್ಯಾಟ್‌ಗೆ 96, ನೂರಕ್ಕೆ 106. ಅಂದರೆ 50 ವ್ಯಾಟ್ ಆಂಪ್ ಬಿಟ್ಟು 100 ವ್ಯಾಟ್ ತಂದರೆ ಸಿಗುವುದು ಬರೀ ಮೂರು ಡೆಸಿಬೆಲ್. ಹನ್ನೆರಡಕ್ಕೆ ಹದಿನಾಲ್ಕು ಅಡಿ ಹಾಲ್, ಕೆಳಗಿನ ಮನೆಯಲ್ಲಿ ಪಿಯುಸಿ ಓದುವ ಹುಡುಗಿ. ನನಗೆ ಎಷ್ಟು ಸಾಕು ಅಂತ ನೀವೇ ಲೆಕ್ಕ ಹಾಕಿ.

ಆಮೇಲೆ ಜಪಾನಿನ ಅಕ್ಯುಫೇಸ್ ಕಂಪನಿಯ ಒಂದು ಆಂಪ್ ಕಣ್ಣಿಗೆ ಬಿತ್ತು. ಅದರ ಬಗ್ಗೆ ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಶಾಂಪೇನ್ ಬಂಗಾರದ ಬಣ್ಣ, ಎದುರಿಗೆ ಮುಳ್ಳು ಆಡುವ ಎರಡು ಪವರ್ ಮೀಟರ್. ಚೆನ್ನೈಯಲ್ಲಿತ್ತು, 85 ಸಾವಿರ ಹೇಳಿದ್ದರು. ಫೋಟೋ ನೋಡಿಯೇ ನಾನು ಟಿವಿ ಸ್ಟ್ಯಾಂಡ್ ಅಳತೆ ತೆಗೆದಿದ್ದೆ. ಹಿಂಭಾಗದ ಫೋಟೋ ಕಳಿಸಿ ಅಂತ ಕೇಳಿದೆ. ಪ್ಲಗ್‌ನ ಪಕ್ಕ ಸಣ್ಣಕ್ಷರದಲ್ಲಿ 100 ವೋಲ್ಟ್.

ಜಪಾನಿನ ಮನೆಗಳಿಗೆ ಬರುವ ಕರೆಂಟ್ 100 ವೋಲ್ಟ್. ನಮ್ಮದು 230. ಅಲ್ಲಿನ ಮಾರುಕಟ್ಟೆಗೆ ಅಂತಲೇ ಮಾಡಿದ ಆಂಪನ್ನು ಇಲ್ಲಿ ನೇರ ಗೋಡೆಗೆ ಚುಚ್ಚಿದರೆ ಕಥೆ ಮುಗಿಯಿತು. ಮಧ್ಯೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಚಿಕ್ಕದು ಸಾಲುವುದಿಲ್ಲ, ಕಿಲೋವ್ಯಾಟ್ ಲೆಕ್ಕದ್ದೇ ಬೇಕು. ಅದು ಮೂಲೆಯಲ್ಲಿ ಕೂತು ಗುಂಯ್ ಅನ್ನಬಾರದು. ಇಷ್ಟಾದರೂ ಅದು ಬಂದದ್ದನ್ನು ಅದೇ ಲೆಕ್ಕದಲ್ಲಿ ಇಳಿಸುತ್ತದೆ, ಅಷ್ಟೇ. ನಮ್ಮ ಗಿರಿನಗರದಲ್ಲಿ ರಾತ್ರಿ ಹನ್ನೊಂದರ ಮೇಲೆ ಕೆಲವು ದಿನ 250 ತೋರಿಸುತ್ತದೆ. ಆಗ ಆ ಕಡೆ 100ರ ಬದಲು 109ರ ಹತ್ತಿರ ಹೋಗುತ್ತದೆ. ಮೂವತ್ತು ವರ್ಷದ ಕೆಪಾಸಿಟರ್‌ಗಳಿಗೆ ದಿನಾ ರಾತ್ರಿ ಆ ಭಾರ.

ಭಾಯ್‌ಗೆ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. “ಏನ್ ಮಾಲ್ ಸಾರ್ ಇದು” ಅಂದರು. ಆಮೇಲೆ ಫೋನ್ ವಾಪಸ್ ಕೊಟ್ಟರು. “ಔಟ್‌ಪುಟ್ ಟ್ರಾನ್ಸಿಸ್ಟರ್ ಹೋದ್ರೆ ನಾನೇನು ಹಾಕ್ಲಿ?”

ಇದು ಅವರ ನಿಜವಾದ ಪ್ರಶ್ನೆ. ಸ್ಪೀಕರ್‌ಗೆ ಬಲ ಕೊಡುವುದೇ ಆ ಟ್ರಾನ್ಸಿಸ್ಟರ್‌ಗಳು. ಆ ಕಾಲದ ಜಪಾನಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಎಷ್ಟೋ ಈಗ ತಯಾರಾಗುವುದಿಲ್ಲ. ಬದಲಿಗೆ ಸಿಗುವುದು ನಕಲಿ. ಹಳೆಯವು ಬಿಡಿ, ತೋಶಿಬಾದ 2SC5200 ಮತ್ತು 2SA1943 ಟ್ರಾನ್ಸಿಸ್ಟರ್ ಜೋಡಿಯನ್ನೇ ನೋಡಿ, ಅದರ ನಕಲಿ ರಾಶಿಗಟ್ಟಲೆ ಸಿಗುತ್ತದೆ. ಭಾಯ್ ಒಂದನ್ನು ನನ್ನೆದುರೇ ಒಡೆದು ತೋರಿಸಿದ್ದರು. ಮೇಲಿನ ಅಕ್ಷರ ಅದೇ, ಅಳತೆ ಅದೇ. ಒಳಗಿನ ಸಿಲಿಕಾನ್ ತುಂಡು ಮಾತ್ರ ಅಸಲಿಯ ಕಾಲು ಭಾಗವೂ ಇಲ್ಲ, ಸಾಸಿವೆಯಷ್ಟು. ಜೋರಾಗಿ ಒಂದು ಮೃದಂಗದ ಗುಮ್ಕಿ ಬಿದ್ದರೆ ಸಾಕು, ಢಮಾರ್.

ಚೆನ್ನೈಗೆ ಬೇಡ ಅಂತ ಮೆಸೇಜ್ ಹಾಕಿದೆ. ಮೂರು ದಿನ ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಅಷ್ಟು ಹೊತ್ತಿಗೆ ನನಗೊಂದು ಬುದ್ಧಿ ಬಂದಿತ್ತು. ಆಂಪ್ ಆರಿಸಿ ಅದಕ್ಕೆ ರಿಪೇರಿಯವರನ್ನು ಹುಡುಕುವ ಬದಲು, ಇರುವ ರಿಪೇರಿಯವರನ್ನೇ ಕೇಳಿದರೆ ಹೇಗೆ? “ಭಾಯ್, ನಿಮಗೆ ಯಾವುದು ಬಿಚ್ಚೋಕೆ ಇಷ್ಟ?” ಅಂದೆ. ಅವರು ಯೋಚನೆ ಮಾಡಲೇ ಇಲ್ಲ. “ಕ್ವಾಡ್ 405.”

ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕಂಪನಿ 1975ರಲ್ಲಿ ತಂದ ಪವರ್ ಆಂಪ್ ಅದು. ಚಾನೆಲ್‌ಗೆ 100 ವ್ಯಾಟ್. ಸಾಮಾನ್ಯ ಆಂಪ್‌ಗಳಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಿಗೆ ಸದಾ ಒಂದಿಷ್ಟು ಕರೆಂಟ್ ಹರಿಸಿ ಎಚ್ಚರವಾಗಿಡಬೇಕು. ಅದನ್ನೇ ಬಯಾಸ್ ಅನ್ನುವುದು. ಪ್ರೀಸೆಟ್ ಅನ್ನುವ ಒಂದು ಸಣ್ಣ ತಿರುಪು ತಿರುಗಿಸಿ ಹೊಂದಿಸಿರುತ್ತಾರೆ. ವರ್ಷಗಳಾದ ಮೇಲೆ ಅದು ಜಾರುತ್ತದೆ. ಕಡಿಮೆಯಾದರೆ ದನಿ ಒರಟಾಗುತ್ತದೆ, ಜಾಸ್ತಿಯಾದರೆ ಆಂಪ್ ದೋಸೆ ಕಾವಲಿ. ವಾಕರ್ ಅವರ ‘ಕರೆಂಟ್ ಡಂಪಿಂಗ್’ನಲ್ಲಿ ಒಂದು ಚಿಕ್ಕ ಆಂಪ್ ದನಿಯ ಶುದ್ಧಿ ನೋಡಿಕೊಳ್ಳುತ್ತದೆ, ದೊಡ್ಡ ಟ್ರಾನ್ಸಿಸ್ಟರ್‌ಗಳು ಬರೀ ಭಾರ ಹೊರುತ್ತವೆ. ಅವಕ್ಕೆ ಬಯಾಸ್ ಹೊಂದಿಸುವ ಕೆಲಸವೇ ಇಲ್ಲ. ಹೊಂದಿಸದೆ ಇದ್ದದ್ದು ಜಾರುವುದು ಹೇಗೆ? ಹಳೇ ಆಂಪ್ ಕೊಳ್ಳುವವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನಿದೆ. ಮೇಲಾಗಿ ಒಳಗಿರುವುದು ಎರಡೇ ಬೋರ್ಡ್. ಸರ್ಕ್ಯೂಟ್ ನಕ್ಷೆ ನೆಟ್‌ನಲ್ಲಿ ಸಿಗುತ್ತದೆ. ಇಂಗ್ಲೆಂಡಿನ ಕರೆಂಟಿಗೆ ಮಾಡಿದ್ದರಿಂದ ನಮ್ಮ 230ಕ್ಕೆ ಯಾವ ಡಬ್ಬಿಯೂ ಬೇಡ.

ಎರಡು ತಿಂಗಳು ಕಾದ ಮೇಲೆ ಮೈಸೂರಿನಲ್ಲಿ ಒಂದು 405-2 (405ರ ಮುಂದಿನ ಆವೃತ್ತಿ) ಸಿಕ್ಕಿತು. 38 ಸಾವಿರ. ಈ ಸಲ ಭಾಯ್ ತಮ್ಮ ಸೀರೀಸ್ ಬೋರ್ಡನ್ನೂ ಕೊಟ್ಟು ಕಳಿಸಿದರು. ಮರದ ಹಲಗೆ, 100 ವ್ಯಾಟಿನ ಹಳೇ ಬಲ್ಬು, ಒಂದು ಸಾಕೆಟ್. ಆಂಪನ್ನು ಅದರ ಮೂಲಕ ಆನ್ ಮಾಡಿದಾಗ ಬಲ್ಬು ಒಂದು ಕ್ಷಣ ಜೋರಾಗಿ ಉರಿದು ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಮಂಕಾಯಿತು. ಮೀಟರ್ ಇಟ್ಟೆ. 4 ಮತ್ತು 6. ಅದು ನೋಡಲು ಮಾತ್ರ ಕಪ್ಪನೆಯ ಹೀಟ್‌ಸಿಂಕ್, ಇನ್ನೇನಿಲ್ಲ. ಯಾರೂ ಫೋಟೋ ತೆಗೆಯುವಂಥದ್ದಲ್ಲ.

ಒಂದು ತಲೆನೋವು ಇತ್ತು. ಇದು ಅರ್ಧ ವೋಲ್ಟ್‌ಗೇ ಪೂರ್ತಿ ದನಿ ಕೊಟ್ಟುಬಿಡುತ್ತದೆ. ಡಿಜಿಟಲ್ ಹಾಡನ್ನು ಆಂಪ್‌ಗೆ ಒಗ್ಗುವ ಸಿಗ್ನಲ್ ಮಾಡುವ ನನ್ನ ಡ್ಯಾಕ್ ಎರಡು ವೋಲ್ಟ್ ತಳ್ಳುತ್ತದೆ. ನಾಬ್ ಕೂದಲೆಳೆ ತಿರುಗಿಸಿದರೂ ಕೆಳಗಿನ ಮನೆಯಿಂದ ಫೋನ್. ಭಾಯ್ ಆಂಪ್‌ಗೆ ಸಿಗ್ನಲ್ ತರುವ ಡಿನ್ ಪ್ಲಗ್‌ನೊಳಗೆ ಚಾನೆಲ್‌ಗೆ ಎರಡೆರಡು ರೆಸಿಸ್ಟರ್ ಬೆಸುಗೆ ಹಾಕಿ ದನಿ ಹದಕ್ಕೆ ತಂದರು. ಹಳೇ ಕೆಪಾಸಿಟರ್‌ಗಳನ್ನೂ ಬದಲಿಸಿದರು. ಒಟ್ಟು 4,500. ರೆಸಿಸ್ಟರ್‌ಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆಗೆ ತಂದು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಹಚ್ಚಿದೆ. ಮೀಟಿದ ಮೇಲೆ ತಂತಿಯ ನಾದ ಕರಗುತ್ತಾ ಹೋಗುತ್ತದಲ್ಲ, ಅದರ ಕೊನೆಯ ಎಳೆಯವರೆಗೂ ಕೇಳಿಸಿತು. ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಒಂದು ರಾಗ ಪೂರ್ತಿ ಕೇಳಿದಳು. ಆಮೇಲೆ ಹತ್ತಿರ ಬಂದು ಆಂಪ್‌ನ ಸುತ್ತ ಬಗ್ಗಿ ಬಗ್ಗಿ ನೋಡಿದಳು.

“ಇಷ್ಟು ದುಡ್ಡು ಕೊಟ್ಟಿದ್ದೀರಿ, ಇದಕ್ಕೊಂದು ಆನ್ ಆಫ್ ಸ್ವಿಚ್ಚೂ ಇಲ್ವಾ?”

ಇಲ್ಲ. 405ಕ್ಕೆ ಸ್ವಿಚ್ಚೇ ಇಲ್ಲ. ಗೋಡೆಯ ಸ್ವಿಚ್ಚಿನಲ್ಲೇ ಆರಿಸಬೇಕು.